ಕೆಂಪಾಗಿ ಉಳಿದ ಎರಡು ಗಂಟೆ

ಲಿಫ್ಟ್ ಕೂರಿಸುವ ಆ ಕಂಪನಿಯಲ್ಲಿ ಮೊದಲೆಲ್ಲ ಶುಕ್ರವಾರ ಸಂಜೆ ಎಲ್ಲರೂ ಕವಿಗಳಾಗುತ್ತಿದ್ದರು. ವಾರವಿಡೀ ಯಾವ ಕೆಲಸಕ್ಕೆ ಎಷ್ಟು ಗಂಟೆ ಹೋಯಿತೆಂದು ಸಾಫ್ಟ್‌ವೇರಿನಲ್ಲಿ ತುಂಬಬೇಕಿತ್ತು. ನೆನಪಿದ್ದವರು ನೆನಪಿನಿಂದ, ಇಲ್ಲದವರು ಧೈರ್ಯದಿಂದ ತುಂಬುತ್ತಿದ್ದರು. ಈ ಆಟಕ್ಕೆ ಕಡಿವಾಣ ಹಾಕಿದವಳು ಯೋಜನಾ ವಿಭಾಗದ ಮೇಲ್ವಿಚಾರಕಿ. ಅಂದಿನ ಗಂಟೆ ಅಂದೇ ತುಂಬಬೇಕು, ಸಂಜೆ ಪುಟಕ್ಕೆ ಬೀಗ. ಖಾಲಿ ಬಿಟ್ಟರೆ ಆ ಸಾಲು ಕೆಂಪು; ಅದು ಹಸಿರಾಗಲು ತಿಂಗಳ ಕೊನೆಯೊಳಗೆ ಕಾರಣ ಬರೆಯಬೇಕು, ಆ ಕಾರಣ ಇಡೀ ಆಫೀಸಿಗೆ ಕಾಣುತ್ತದೆ. ಅವಳಿಗೆ ಗಡಿಯಾರದಕ್ಕ ಎಂದು ಹೆಸರು ಬಿತ್ತು. ಒಳಗೊಳಗೇ ಅದು ಅವಳಿಗೆ ಹಿಡಿಸಿಯೂ ಇತ್ತು.

ಹೊಸ ನಿಯಮ ಬಂದ ಮೇಲೆ ಮೊದಲು ಕೆಂಪಾದದ್ದು ಅವಳ ಗಂಡನ ಸಾಲು.

ಅವನು ಅದೇ ಕಂಪನಿಯ ಹಿರಿಯ ಫಿಟ್ಟರ್. ಹೊಸ ಆಸ್ಪತ್ರೆ ಕಟ್ಟಡದ ಕೆಲಸಕ್ಕೆ ಅವನನ್ನೇ ಮುಖ್ಯಸ್ಥನನ್ನಾಗಿ ಮಾಡುವುದೆಂದು ಮಾತಾಗಿತ್ತು, ಆ ಕುರ್ಚಿಗಾಗಿ ಅವನು ವರ್ಷಗಟ್ಟಲೆ ಕಾದಿದ್ದ. ಈಗ ಮಾಲೀಕರು, ತಿಂಗಳ ಕೊನೆಗೆ ಕೆಂಪು ಉಳಿದವರಿಗೆ ಬಡ್ತಿಯ ಮಾತೇ ಇಲ್ಲ ಎಂದುಬಿಟ್ಟರು. ಗಂಡನ ಸಾಲಿನಲ್ಲಿ ದಿನವೂ ಮಧ್ಯಾಹ್ನ ಎರಡು ಗಂಟೆ ಖಾಲಿ, ಕಾರಣದ ಜಾಗವೂ ಖಾಲಿ. ಆಫೀಸಿನವರು ಮುಸಿಮುಸಿ ನಕ್ಕರು. ನಗದೆ ಇನ್ನೇನು ಮಾಡಿಯಾರು?

"ಮಧ್ಯಾಹ್ನ ಎಲ್ಲಿಗೆ ಹೋಗ್ತೀಯ?" ಎಂದು ಕೇಳಿದಳು.

"ಊಟಕ್ಕೆ."

"ಎರಡು ಗಂಟೆ? ಏನು, ತಟ್ಟೇನೂ ತಿಂತೀಯಾ?"

"ಖಾಲಿ ಇದ್ದದ್ದನ್ನ ಖಾಲಿ ಬಿಟ್ಟಿದ್ದೀನಿ. ಸುಳ್ಳು ತುಂಬಿಲ್ವಲ್ಲ, ಬಿಡು."

ಸುಳ್ಳು ತುಂಬಿದ್ದರೆ ಅವಳಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಮರುದಿನ ಕಂಪನಿಯ ಫೋನುಗಳು ಎಲ್ಲೆಲ್ಲಿವೆ ಎಂದು ತೋರಿಸುವ ನಕ್ಷೆ ತೆರೆದಳು. ಗಂಡನ ಚುಕ್ಕೆ ಅವಳ ಅತ್ತೆಯ, ಅಂದರೆ ಅಪ್ಪನ ತಂಗಿಯ ಮನೆಯಲ್ಲಿ ನಿಂತಿತ್ತು. ಅಪ್ಪ ಇರುವುದೂ ಅಲ್ಲೇ, ಕೆಳಗಿನ ಕೋಣೆಯಲ್ಲಿ. ಜೀವ ಬಂದಂತಾಯಿತು, ಹಿಂದೆಯೇ ಸಿಟ್ಟೂ ಬಂತು. ಅಲ್ಲಿ ಹೋಗಿ ಮಲಗುತ್ತಾನಾ ಈ ಮನುಷ್ಯ?

ಬಾಗಿಲು ತೆರೆದ ಅತ್ತೆ ತುಟಿಯ ಮೇಲೆ ಬೆರಳಿಟ್ಟರು.

ಬಚ್ಚಲ ಬಾಗಿಲು ಅರ್ಧ ತೆರೆದಿತ್ತು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಪ್ಪನ ಬರಿ ಬೆನ್ನು. ಗಂಡ ಪ್ಯಾಂಟು ಮಡಚಿಕೊಂಡು ಅದಕ್ಕೆ ಸೋಪು ಹಚ್ಚುತ್ತಿದ್ದ.

"ಜೋರಾಗಿ ಉಜ್ಜೋ. ಲಿಫ್ಟಿನ ಗುಂಡಿ ಒತ್ತೋ ಹಾಗೆ ಒತ್ತುತ್ತಾನೆ," ಅಪ್ಪ ಗದರಿದರು.

"ಸುಮ್ನಿರಿ ಮಾವ. ನಿಮ್ಮ ಚರ್ಮ ಕಿತ್ತು ಬಂದ್ರೆ ನಿಮ್ಮ ಮಗಳು ನನ್ನದು ಸುಲೀತಾಳೆ."

"ಅವಳಿಗೆ ಗೊತ್ತಾಗಬಾರದು." ಅಪ್ಪನ ದನಿ ಇಳಿಯಿತು. "ನಿಮ್ಮ ಆಫೀಸಿನವರಿಗೂ. ಮಾತು ಕೊಟ್ಟಿದ್ದೀಯ."

ಅಪ್ಪ ಶಾಲೆಯಲ್ಲಿ ಆಟದ ಮೇಷ್ಟ್ರಾಗಿದ್ದವರು. ಕಂಪನಿಯ ಮಾಲೀಕರಿಂದ ಹಿಡಿದು ಅರ್ಧ ಆಫೀಸು ಅವರ ವಿಷಲ್ ಸದ್ದಿಗೆ ಹೆದರಿ ಮೈದಾನ ಸುತ್ತಿದವರೇ.

"ಇಬ್ಬರು ನರ್ಸ್‌ನ ಓಡಿಸಿದ ನಿಮ್ಮಪ್ಪ," ಎಂದರು ಅತ್ತೆ, ಅವಳನ್ನು ಕಳಿಸಲು ಗೇಟಿನವರೆಗೆ ಬಂದು. "ನನ್ನನ್ನೂ ಹತ್ರ ಸೇರಿಸಲ್ಲ. ಬೆಳಗ್ಗೆ ಕೈಕಾಲು ಮರ ಆಗಿರುತ್ತೆ, ಸಂಜೆ ಚಳಿ ಅಂತಾನೆ. ಮಧ್ಯಾಹ್ನವೇ ಆಗಬೇಕು ಕಣೇ."

ತಿಂಗಳ ಕೊನೆಯ ದಿನ ಅವಳು ಗಂಡನ ಸಾಲಿನ ಮುಂದೆ ಕುಳಿತಳು. ಕಾರಣ ಬರೆದರೆ ಮಾಲೀಕರು ತಕ್ಷಣ ಒಪ್ಪುತ್ತಿದ್ದರು. ಒಪ್ಪಿ, ಅಯ್ಯೋ ಪಾಪ ಎಂದು, ನಾಲ್ಕು ಜನರನ್ನು ಕಟ್ಟಿಕೊಂಡು ಮೇಷ್ಟ್ರನ್ನು ನೋಡಲು ಹೋಗುತ್ತಿದ್ದರು. ಕಾರಣವಿಲ್ಲದೆ ಹಸಿರು ಮಾಡುವ ಅಧಿಕಾರವೂ ಅವಳಿಗಿತ್ತು. ಆದರೆ ಮಗಳನ್ನು ಶಾಲೆಯಿಂದ ಕರೆತರಲು ಓಡಿದ್ದ ವೆಲ್ಡರ್ ಬಂದು, ಕಾರಣ ಎಲ್ಲರಿಗೂ ಕಾಣುವುದು ಬೇಡವೆಂದು ಎಷ್ಟು ಬೇಡಿಕೊಂಡರೂ ಅವಳು ಹಾಗೆ ಮಾಡಿರಲಿಲ್ಲ. ಈಗ ಗಂಡನಿಗೆ ಮಾಡಲು ಅವಳಿಗೆ ನಾಚಿಕೆಯಾಯಿತು. ತಿಂಗಳ ಪುಟಕ್ಕೆ ಬೀಗ ಬಿತ್ತು. ಆಸ್ಪತ್ರೆ ಕಟ್ಟಡದ ಕೆಲಸ ಬೇರೆ ಫಿಟ್ಟರನ ಪಾಲಾಯಿತು.

ಅಂದು ಸಂಜೆ ಗಂಡ ಪಾತ್ರೆ ತೊಳೆಯುತ್ತಿದ್ದ. ಅವಳು ಪಕ್ಕದಲ್ಲಿ ಒರೆಸಲು ನಿಂತಳು.

"ಆ ಕುರ್ಚಿ ನಿನಗೆ ತುಂಬಾ ಬೇಕಿತ್ತಾ?"

"ಬೇಕಿತ್ತು."

ಅವಳು ಒರೆಸಿದ ಲೋಟವನ್ನು ಪಕ್ಕಕ್ಕಿಟ್ಟಳು. "ನಾಳೆಯಿಂದ ಅಪ್ಪನ ಹತ್ರ ನಾನೇ ಹೋಗ್ತೀನಿ. ನೀನು ಕೆಲಸ ನೋಡ್ಕೋ."

ಅವಳಿಗೆ ಗೊತ್ತಾಗಿದೆ ಎಂದು ಅವನಿಗೆ ಆಗ ತಿಳಿಯಿತು. ಕೈಯಲ್ಲಿದ್ದ ತಟ್ಟೆಯನ್ನು ಇನ್ನೊಮ್ಮೆ ನೀರಿಗೆ ಹಿಡಿದ.

"ಬೇಡ," ಎಂದ. "ನೀನು ಬಂದ್ರೆ ಅವರು ಸ್ನಾನಾನೇ ಬಿಟ್ಟುಬಿಡ್ತಾರೆ."