ತಡವರಿಸಿ ಓದಿದ ಕೀರ್ತನೆ

ಬಣ್ಣದ ಕೆಲಸದವರೆಲ್ಲ ಅವನನ್ನು ಏಣಿಯಣ್ಣ ಎಂದೇ ಕರೆಯುತ್ತಿದ್ದರು. ಆಳು ಎತ್ತರ, ಅದು ಸಾಲದೆಂಬಂತೆ ಒಮ್ಮೆ ಏಣಿ ಹತ್ತಿದನೆಂದರೆ ಊಟದ ಹೊತ್ತಿನವರೆಗೆ ಇಳಿಯುವ ಮಾತಿಲ್ಲ. ಅವನ ಹೆಂಡತಿ ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಒಬ್ಬರು ಮೇಲಕ್ಕೆ ಹತ್ತುವವರು, ಇನ್ನೊಬ್ಬರು ಒತ್ತಿ ಚಪ್ಪಟೆ ಮಾಡುವವರು, ಹೇಳಿ ಮಾಡಿಸಿದ ಜೋಡಿ ಎಂದು ನೆರೆಯವರು ನಗುತ್ತಿದ್ದರು.

ಸಂಜೆ ಊಟಕ್ಕೆ ಮುಂಚೆ ಏಣಿಯಣ್ಣ ಕೈಕಾಲು ತೊಳೆದು ಬೈಬಲ್ಲಿನ ಒಂದು ಅಧ್ಯಾಯ ಓದುವುದು ಮನೆಯ ರೂಢಿ. ಓದುವ ಭಾರ ಅವನದು, ತೂಕಡಿಸುವ ಭಾರ ಅವಳದು. ಅವಳಿಗೆ ಓದು ಅಷ್ಟಕ್ಕಷ್ಟೆ. ಅಂಗಡಿಯ ಬೋರ್ಡು, ಬಸ್ಸಿನ ಹಲಗೆ ಓದಬಲ್ಲಳು. ಒತ್ತಕ್ಷರ ಬಂದರೆ ಚಕ್ರಕ್ಕೆ ಕಲ್ಲು ಸಿಕ್ಕ ಗಾಡಿಯಂತೆ ನಿಂತುಬಿಡುವಳು. ದೇವರ ವಹಿವಾಟನ್ನೆಲ್ಲ ಗಂಡನಿಗೇ ಬಿಟ್ಟು ನಿಶ್ಚಿಂತೆಯಾಗಿದ್ದಳು.

ಹೀಗಿರುವಾಗ ಹಳೆಯ ಗೋದಾಮೊಂದರ ಚಾವಣಿಗೆ ಸುಣ್ಣ ಬಳಿಯುವ ಕೆಲಸ ಬಂತು. ಮೇಲಿನ ಹಲಗೆಯಲ್ಲಿದ್ದ ಡಬ್ಬಿ ಜಾರಿ, ಕತ್ತೆತ್ತಿ ನೋಡುತ್ತಿದ್ದವನ ಎರಡೂ ಕಣ್ಣಿಗೆ ಸುಣ್ಣ ಬಿತ್ತು. ಜೊತೆಯಲ್ಲಿದ್ದ ಮೇಸ್ತ್ರಿ ಅವನ ತಲೆಯನ್ನು ಕೊಳಾಯಿಯ ಕೆಳಗೆ ಒತ್ತಿ ಹಿಡಿದು, ಅವನು ಎಷ್ಟೇ ಒದ್ದಾಡಿದರೂ ಬಿಡದೆ ನೀರು ಹರಿಸಿದ. ಹಾಗೆ ಮಾಡಿದ್ದೇ ಒಳ್ಳೆಯದಾಯಿತು ಎಂದರು ಆಸ್ಪತ್ರೆಯ ಡಾಕ್ಟರಮ್ಮ. ಕಣ್ಣು ತೊಳೆದು, ಔಷಧಿ ಹಾಕಿ, ಎರಡಕ್ಕೂ ಕಟ್ಟು ಕಟ್ಟಿದರು. ದೃಷ್ಟಿ ಬರುತ್ತದೆಯೇ ಎಂದು ಹೆಂಡತಿ ಕೇಳಿದಾಗ, ಕಟ್ಟು ಬಿಚ್ಚಿದ ಮೇಲೆ ನೋಡೋಣ ಎಂದಷ್ಟೇ ಹೇಳಿದರು. ‘ನೋಡೋಣ’ ಎಂಬ ಆ ಒಂದು ಮಾತು ಗಂಟಲಲ್ಲಿ ಸಿಕ್ಕ ಮುಳ್ಳಿನಂತೆ ಅವಳೊಳಗೆ ಉಳಿಯಿತು.

ರಜೆ ಸಿಗಲಿಲ್ಲ. ಮೈ ಹೋಟೆಲಿನಲ್ಲಿ, ಜೀವ ಮನೆಯಲ್ಲಿ. ಆವಿ ಬುಸುಗುಡುವ ಇಸ್ತ್ರಿಯ ಮುಂದೆ ಅಷ್ಟು ವರ್ಷ ನಿಂತು ಒಂದು ಕಲೆಯನ್ನೂ ಮಾಡದವಳು ದಿಂಬಿನ ಚೀಲವೊಂದನ್ನು ಸುಟ್ಟಳು. ಅದನ್ನು ಕಂಡ ಮೇಲ್ವಿಚಾರಕಿ ಬೈಯಲಿಲ್ಲ, ಬಟ್ಟೆ ಮಡಿಸುವ ಮೇಜಿಗೆ ಕಳಿಸಿದಳು. ಬೈದಿದ್ದರೇ ವಾಸಿಯಿತ್ತು ಎನ್ನಿಸಿತು ಅವಳಿಗೆ.

ಹಗಲು ಅವನನ್ನು ನೋಡಿಕೊಳ್ಳಲು ಅವನ ಅಕ್ಕ ಬಂದಳು. ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ತಮ್ಮನೆಂದರೆ ಪ್ರಾಣ, ಬಾಯಿ ಮಾತ್ರ ಸುಮ್ಮನಿರದು. ಅಳಬಾರದು, ಸಂಶಯಪಡಬಾರದು, ವಿಶ್ವಾಸ ಗಟ್ಟಿಯಿದ್ದರೆ ದೃಷ್ಟಿ ಬಂದೇ ಬರುತ್ತದೆ ಎಂದು ಬೆಳಿಗ್ಗೆ ಹೇಳಿದ್ದನ್ನೇ ಮಧ್ಯಾಹ್ನವೂ ಹೇಳುತ್ತಿದ್ದಳು. ಮೊದಮೊದಲು ಅವನು ಹೂಂಗುಟ್ಟಿದ. ಆಮೇಲೆ ಅದೂ ನಿಂತಿತು. ಅವಳು ಬೈಬಲ್ ತೆರೆದರೆ ಮುಚ್ಚು ಎಂದ. ತಟ್ಟೆಯ ಊಟ ಅರ್ಧಕ್ಕೇ ಉಳಿಯತೊಡಗಿತು. ಬಾಯ್ತುಂಬ ಮಾತಾಡುತ್ತಿದ್ದ ಮನುಷ್ಯ ಗೋಡೆಯ ಕಡೆ ಮುಖಮಾಡಿ ಕೂತಿರುತ್ತಿದ್ದ. ಅವನ ಕಣ್ಣಿಗಿಂತ ಅವನ ಮೌನಕ್ಕೇ ಹೆಂಡತಿ ಹೆಚ್ಚು ಹೆದರಿದಳು.

ಒಂದು ಮಧ್ಯಾಹ್ನ ಕೆಲಸದಲ್ಲಿ ಇರಲಾರದೆ ಹೊಟ್ಟೆನೋವೆಂದು ಹೇಳಿ ಬೇಗ ಮನೆಗೆ ಬಂದಳು. ದೊಡ್ಡಕ್ಕ ಸಾಮಾನು ತರಲು ಹೋಗಿದ್ದಳು. ಕುರ್ಚಿ ಖಾಲಿ. ಹಾಸಿಗೆ ಖಾಲಿ. ಬಾಲ್ಕನಿಯ ಬಾಗಿಲು ಹಾರುಹೊಡೆದಿತ್ತು. ಮೂರನೆಯ ಮಹಡಿಯ ಆ ಬಾಲ್ಕನಿಯಲ್ಲಿ ಕಣ್ಣಿಗೆ ಕಟ್ಟು ಕಟ್ಟಿಕೊಂಡ ಅವಳ ಗಂಡ, ಕಂಬಿಯನ್ನು ಎರಡೂ ಕೈಯಿಂದ ಹಿಡಿದು, ಕೆಳಗಿನ ಬೀದಿಯ ಕಡೆ ಬಾಗಿ ನಿಂತಿದ್ದ.

ಕೂಗಿದರೆ ಬೆಚ್ಚಿಬಿದ್ದಾನು. ಅವಳು ಚಪ್ಪಲಿ ಕಳಚಿ, ಉಸಿರು ಬಿಗಿಹಿಡಿದು ಹತ್ತಿರ ಹೋಗಿ ಅವನ ಸೊಂಟದ ಪಟ್ಟಿಗೆ ಕೈ ಹಾಕಿದಳು. ಆಮೇಲೆ ಮೆಲ್ಲಗೆ, ಬಿಸಿಲು ಜೋರಾಗಿದೆ, ಒಳಗೆ ಬನ್ನಿ ಎಂದಳು. ಅವನು ಬಂದ. ಅವಳು ಬಾಗಿಲಿಗೆ ಚಿಲಕ ಹಾಕಿದಳು.

ಯಾಕೆ ಹೋದಿರಿ ಎಂದು ಕೇಳಲು ಬಾಯಿ ಬರಲಿಲ್ಲ. ಸುಮ್ಮನಿರಲೂ ಆಗಲಿಲ್ಲ. ಆ ಮನೆಯಲ್ಲಿ ಏನಾದರೊಂದು ದನಿ ಕೇಳಬೇಕಿತ್ತು, ಇಲ್ಲವಾದರೆ ತಲೆ ಸಿಡಿಯುವಂತಿತ್ತು. ಅವಳು ಬೈಬಲ್ ತೆಗೆದಳು. ಮುಚ್ಚು ಎನ್ನುವನೆಂದು ಕಾದಳು, ಅವನು ಅನ್ನಲಿಲ್ಲ. ಕೀರ್ತನೆಗಳಿರುವ ಕಡೆ ಹಾಳೆ ಮಗುಚಿ ಗಿಡ್ಡದೊಂದನ್ನು ಹುಡುಕಿದಳು. ಉದ್ದದ್ದಕ್ಕೆ ಕೈಹಾಕುವ ಧೈರ್ಯ ಅವಳಿಗಿರಲಿಲ್ಲ. ಸಿಕ್ಕಿದ್ದು ಹದಿಮೂರನೆಯದು.

“ಇನ್ನೆ... ಇನ್ನೆಲ್ಲಿ... ಇನ್ನೆಲ್ಲಿಯವರೆಗೆ,” ಎಂದು ಶುರುಮಾಡಿದಳು. ದೇವರೇ, ಇನ್ನೆಲ್ಲಿಯವರೆಗೆ ನನ್ನನ್ನು ಮರೆತಿರುತ್ತೀ, ಇನ್ನೆಲ್ಲಿಯವರೆಗೆ ನಿನ್ನ ಮುಖ ಮರೆಮಾಡಿಕೊಳ್ಳುತ್ತೀ ಎಂದು ಯಾರೋ ಕೇಳುತ್ತಿದ್ದಾನೆ. ಪ್ರತಿ ಒತ್ತಕ್ಷರಕ್ಕೂ ಅವಳು ನಿಂತಳು, ಹಿಂದೆ ಬಂದಳು, ಮತ್ತೆ ಹೊರಟಳು. ಒಂದು ಸಾಲು ಮುಗಿಯುವಷ್ಟರಲ್ಲಿ ಬೆವರಿದಳು.

“ಒತ್ತು ನುಂಗಬೇಡ,” ಎಂದ ಗಂಡ.

ಎಷ್ಟೋ ದಿನದ ಮೇಲೆ ಅವನಾಗಿಯೇ ಆಡಿದ ಮೊದಲ ಮಾತು ಅದು. ಅವಳು ನುಂಗದೆ ಓದಿದಳು. ಮುಂದಿನ ಸಾಲಿಗೆ ಬೆರಳಿಟ್ಟವಳು ‘ನನ್ನ ಕಣ್ಣುಗಳನ್ನು’ ಎಂದು ಓದಿ ತಟ್ಟನೆ ನಿಂತಳು. ಊರಿಗಂಜಿ ಕಾಡಿಗೆ ಹೋದವಳಿಗೆ ಅಲ್ಲೇ ಹುಲಿ ಎದುರಾದಂತಾಯಿತು.

“ಯಾಕೆ ನಿಲ್ಲಿಸಿದೆ? ಓದು.”

“ನನ್ನ ಕಣ್ಣುಗಳನ್ನು ಬೆಳಗಿಸು,” ಎಂದು ಓದಿ, ಕೊನೆಯ ಸಾಲಿನವರೆಗೂ ಹೋಗಿ ಮುಗಿಸಿದಳು.

ಕಟ್ಟಿನ ಕೆಳಗೆ ಅವನ ತುಟಿ ಬಿಗಿದು ನಡುಗುವುದು ಕಾಣಿಸಿತು. ಅಳಬೇಡಿ, ಡಾಕ್ಟರಮ್ಮ ಬೇಡ ಅಂದಿದ್ದಾರೆ ಎನ್ನಲು ಹೊರಟವಳು ಸುಮ್ಮನಾದಳು. ಈ ಕೀರ್ತನೆಯನ್ನು ಎಷ್ಟೋ ಸಲ ಓದಿದ್ದರೂ ಬೇಗ ಕೊನೆಯಲ್ಲಿ ಹಾಡುವ ಸಾಲಿಗೆ ಬಂದುಬಿಡಬೇಕೆಂದು ನಡುವಿನದನ್ನೆಲ್ಲ ಓಡಿಸಿಕೊಂಡು ಹೋಗುತ್ತಿದ್ದೆ, ನೀನು ಇಷ್ಟು ನಿಧಾನ ಓದಿದ್ದಕ್ಕೆ ಇವತ್ತು ಕೇಳಿಸಿತು ಎಂದ ಅವನು.

“ದೇವರ ಹತ್ರ ಹೀಗೆಲ್ಲ ಜಗಳ ಆಡಬಹುದಾ?” ಎಂದು ಕೇಳಿದಳು.

“ಅವನ ಪುಸ್ತಕದಲ್ಲೇ ಇದೆಯಲ್ಲ,” ಎಂದ ಅವನು. “ಅಕ್ಕ ಹೇಳೋ ಪ್ರಕಾರ, ಕಣ್ಣು ಬರದೆ ಹೋದ್ರೆ ನನ್ನ ವಿಶ್ವಾಸ ಸಾಲದೆ ಹೋಯ್ತು ಅಂತ ಅರ್ಥ. ಕಣ್ಣೂ ಹೋಯ್ತು, ದೇವರೂ ಹೋದ. ಆಮೇಲೆ ಏನಿದೆ?”

ಅವಳು ಪುಟವನ್ನು ಮತ್ತೊಮ್ಮೆ ನೋಡಿದಳು. ಮೇಲಿನಿಂದ ಕೆಳಗೆ ಬೆರಳಾಡಿಸಿದಳು. “ಇದನ್ನ ಬರೆದವನಿಗೆ ಕೇಳಿದ್ದು ಸಿಕ್ತೋ ಇಲ್ವೋ ಇದರಲ್ಲಿ ಬರೆದಿಲ್ಲ ರೀ. ಆದ್ರೂ ಕೊನೆಗೆ ಹಾಡ್ತಾನೆ. ನೀನು ನನ್ನ ಮರೆತೆ ಅಂತ ಯಾರನ್ನ ಬೈದನೋ ಅವನನ್ನೇ ನಂಬ್ತಾನೆ.”

ಆಗ ಅವಳಿಗೆ ಕೇಳುವ ಧೈರ್ಯ ಬಂತು. ಬಾಲ್ಕನಿಗೆ ಯಾಕೆ ಹೋಗಿದ್ದಿರಿ ಎಂದು ಕೇಳಿದಳು.

“ಗಾಳಿಗೆ ಅಂತ ಹೋದೆ. ನಿಂತ ಮೇಲೆ, ಎಲ್ಲ ಮುಗಿಸೋದು ಎಷ್ಟು ಸುಲಭ ಅನ್ನಿಸ್ತು. ನೀನು ಬರದಿದ್ರೆ ಏನು ಮಾಡ್ತಿದ್ನೋ, ನನಗೇ ಗೊತ್ತಿಲ್ಲ.”

ಅವಳು ಅವನ ಮಣಿಕಟ್ಟು ಹಿಡಿದಳು. “ಇನ್ನೊಂದು ಸಲ ಹಾಗನ್ನಿಸಿದ್ರೆ ಮೊದಲು ನನಗೆ ಹೇಳಬೇಕು. ನಾನು ಎಲ್ಲಿದ್ರೂ ಫೋನ್ ಮಾಡಿಸಿ.” ಅವನು ಆಗಲಿ ಎಂದ. ಬಾಯಿಮಾತಿಗೆ ಬಿಡದೆ ಅವಳು ಮರುದಿನವೇ ಡಾಕ್ಟರಮ್ಮನಿಗೂ ವಿಷಯ ತಿಳಿಸಿದಳು. ಅವರು ಅವನೊಡನೆ ಒಬ್ಬರೇ ಕೂತು ಮಾತಾಡಿದರು, ಯಾವ ಹೊತ್ತಿನಲ್ಲೂ ಅವನೊಬ್ಬನನ್ನೇ ಬಿಡಬಾರದೆಂದರು.

ದೊಡ್ಡಕ್ಕನಿಗೂ ಹೇಳಲೇಬೇಕಾಯಿತು. ಅವಳು ಅಡುಗೆಮನೆಯಲ್ಲಿ ಕುಸಿದು ಕೂತಳು. ನನಗೂ ಹೆದರಿಕೆ ಕಣೇ, ಹೆದರಿಕೆಗೇ ಅಷ್ಟು ಮಾತಾಡಿದೆ ಎಂದು ಸೆರಗಿಗೆ ಮುಖ ಒರೆಸಿಕೊಂಡಳು. ಅಂದಿನಿಂದ ತಮ್ಮನ ಪಕ್ಕದಲ್ಲಿ ಕೂತರೂ ಬುದ್ಧಿ ಹೇಳಲಿಲ್ಲ.

ಕಟ್ಟು ಬಿಚ್ಚುವ ದಿನದವರೆಗೂ ಸಂಜೆ ಸಂಜೆ ಹೆಂಡತಿ ಓದಿದಳು. ಹೆದರಿಕೆ ಹೋಯಿತೆಂದರೆ ಸುಳ್ಳಾದೀತು. ಬೆಳಿಗ್ಗೆ ಎದ್ದರೆ ಅವಳಿಗಿಂತ ಮೊದಲೇ ಎದ್ದು ಕೂತಿರುತ್ತಿತ್ತು ಅದು. ಆದರೆ ಈಗ ಅದಕ್ಕೆ ಮಾತು ಸಿಕ್ಕಿತ್ತು. ಹೋಟೆಲಿನಲ್ಲಿ ಹೊದಿಕೆ ಮಡಿಸುತ್ತಾ ಎದೆ ಹಿಂಡಿದಾಗ, ಇನ್ನೆಲ್ಲಿಯವರೆಗೆ ಎಂದು ಗುನುಗಿ, ಉಸಿರೆಳೆದುಕೊಂಡು, ಮುಂದಿನ ಹೊದಿಕೆಗೆ ಕೈಹಾಕುವಳು.

ಆ ದಿನ ಬಂತು. ಕಿಟಕಿಗೆ ಪರದೆ ಎಳೆದು ಮಬ್ಬು ಮಾಡಿದ ಕೋಣೆಯಲ್ಲಿ ಡಾಕ್ಟರಮ್ಮ ಕಟ್ಟು ಬಿಚ್ಚಿದರು. ಎಡಗಣ್ಣು ಹಾಲಿನಂತೆ ಬೆಳ್ಳಗಿತ್ತು. ಅದರ ಮುಂದೆ ದೀಪ ಹಿಡಿದರೂ ಅವನಿಗೆ ಏನೂ ತಿಳಿಯಲಿಲ್ಲ. ಹೆಂಡತಿ ಮೂಲೆಗೆ ಸರಿದು ನಿಂತಳು. ಬಲಗಣ್ಣಿಗೆ ದೀಪ ಹಿಡಿದಾಗ ಅವನು ತಲೆ ಹಿಂದಕ್ಕೆಳೆದ. ನೀರು ದಳದಳ ಸುರಿಯಿತು. ಏನು ಕಾಣಿಸುತ್ತದೆ ಎಂದು ಡಾಕ್ಟರಮ್ಮ ಕೇಳಿದರು.

ಅವನು ತುಂಬ ಹೊತ್ತು ತಡಕಾಡುವವನಂತೆ ನೋಡಿ, “ಮೂಲೇಲಿ ಒಬ್ಬಳು ನಿಂತಿದ್ದಾಳೆ. ಉಸಿರು ಬಿಡೋದನ್ನೇ ಮರೆತಿರೋ ಹಾಗಿದೆ,” ಎಂದ.

ಎಡಗಣ್ಣಿಗೆ ಮುಂದೆ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಆದರೂ ಭರವಸೆ ಕೊಡಲಾರೆ ಎಂದರು ಡಾಕ್ಟರಮ್ಮ. ಬಲಗಣ್ಣು ಮೆಲ್ಲಗೆ ತಿಳಿಯಾಗುತ್ತದೆ. ಏಣಿ ಹತ್ತುವ ಯೋಚನೆ ಸದ್ಯಕ್ಕೆ ಬೇಡ. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು, ತಿಳಿಯದ್ದನ್ನು ಮತ್ತೆ ಮತ್ತೆ ಕೇಳಿದಳು.

ಹೊರಗೆ ಬಂದಾಗ ಅವನು ಅವಳ ಹೆಗಲು ಹಿಡಿದು ನಡೆಯುತ್ತಿದ್ದ. ಮೆಟ್ಟಿಲು ಬಂದಲ್ಲಿ ಅವಳು ಹೇಳುತ್ತಿದ್ದಳು. ಆಸ್ಪತ್ರೆಯ ಗೇಟಿನ ಹತ್ತಿರ ಅವನು ನಿಂತು, ಒಂದೇ ಕಣ್ಣನ್ನು ಕಿರಿದು ಮಾಡಿ ಕಂಬಿಗಳಿಗೆ ಮುಖ ತಂದು ನೋಡಿದ. ತುಕ್ಕು ಉಜ್ಜದೆ ಹಾಗೇ ಬಣ್ಣ ಬಳಿದಿದ್ದಾರೆ, ಇವರ ಕೈಗೆ ಯಾರು ಕುಂಚ ಕೊಟ್ಟರೋ ಎಂದು ಗೊಣಗಿದ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಬಸ್ಸು ಹೋಗಿಬಿಡುತ್ತದೆ, ನಡೆಯಿರಿ ಎಂದು ಅವನ ಕೈಯನ್ನು ಮತ್ತೆ ತನ್ನ ಹೆಗಲಿಗೆ ಎಳೆದುಕೊಂಡಳು.