ಎಣಿಕೆಗೆ ಸಿಗದ ಕೊಸರು

ಬೃಂದಾ ಪಾಠ ಶುರು ಮಾಡಿದ್ದು ಟೊಮೇಟೊದಿಂದ. ಜಗುಲಿಯ ಮೇಲೆ ಚಾಪೆ ಹಾಸಿ, ಒಂದಷ್ಟು ಟೊಮೇಟೊ, ಬಟ್ಟಲಲ್ಲಿ ಸಕ್ಕರೆ, ಮೊರದ ತುಂಬ ರಾಗಿ ಇಟ್ಟುಕೊಂಡು, ಗೋಡೆಗೊರಗಿ ಕೂತ ತಾತನನ್ನೇ ಆರನೇ ಕ್ಲಾಸು ಎಂದುಕೊಂಡು ಗಂಟಲು ಸರಿಮಾಡಿಕೊಂಡಳು. ಮಾರನೆಯ ದಿನ ಚಾಮರಾಜನಗರದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಅವಳ ಡೆಮೊ ಕ್ಲಾಸು. ವಿಷಯವನ್ನು ಅವರೇ ಕೊಟ್ಟಿದ್ದರು: ಕೌಂಟಬಲ್ ಮತ್ತು ಅನ್‌ಕೌಂಟಬಲ್ ನೌನ್.

ಇಡೀ ಕ್ಲಾಸಿಗೆ ಒಬ್ಬನೇ ಹುಡುಗ, ಅವನೂ ಉತ್ತರ ಕೊಡುವವನಲ್ಲ. ಸಂಕ್ರಾಂತಿ ಕಳೆದ ಮೇಲೆ ತಾತ ಹುಚ್ಚಯ್ಯನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ನಿಂತುಹೋಗಿತ್ತು. ಗುಂಡ್ಲುಪೇಟೆಯ ಸಂತೆಯಲ್ಲಿ ಅರ್ಧ ಆಯಸ್ಸು ರಾಗಿ, ಹುರುಳಿ ಅಳೆದವನು. ಕೇರಿಯ ಜನಕ್ಕೆಲ್ಲ ಅಡ್ಡಹೆಸರಿಟ್ಟವನು. ಮೊಮ್ಮಗಳನ್ನಂತೂ ಒಂದು ದಿನವೂ ಬೃಂದಾ ಎಂದವನಲ್ಲ. ಗುಬ್ಬಿ, ಅಷ್ಟೆ. ಅವಳಿಗೆ ಈಗ ಕೆಲಸಕ್ಕಿಂತ ಹೆಚ್ಚಾಗಿ ಬೇಕಿದ್ದುದು ಆ ಹೆಸರನ್ನು ಅವನ ಬಾಯಲ್ಲಿ ಇನ್ನೊಂದು ಸಲ ಕೇಳುವುದು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. "ಮಾತಾಡಿಸ್ತಾ ಇರಿ, ಬಂದರೂ ಬರಬಹುದು" ಎಂದಿದ್ದರು ಡಾಕ್ಟರು. ಅಂದಿನಿಂದ ಬಂದವರೆಲ್ಲ, ಮುದುಕ ಕಿವುಡನೇನೋ ಎನ್ನುವಂತೆ ಕೂಗಿ ಮಾತಾಡಿಸಿ ಹೋಗುತ್ತಿದ್ದರು.

"ಟೊಮೇಟೊ ಎಣಿಸಬಹುದು. ಒನ್ ಟೊಮೇಟೊ, ಟೂ ಟೊಮೇಟೋಸ್. ಹೌ ಮೆನಿ ಅಂತ ಕೇಳ್ತೀವಿ. ರಾಗಿ ಎಣಿಸಕ್ಕಾಗಲ್ಲ. ಒನ್ ರಾಗಿ, ಟೂ ರಾಗಿ ಅಂತಾರಾ ಯಾರಾದ್ರೂ? ಅದಕ್ಕೆ ಹೌ ಮಚ್."

ಈರುಳ್ಳಿ ಮಂಡಿಯ ಕೆಲಸಕ್ಕೆ ಹೊರಟಿದ್ದ ತಾಯಿ ಚಾಮುಂಡಿ ಸೆರಗು ಸಿಕ್ಕಿಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಟಮಾಟೆನ ಯಾರಮ್ಮಿ ಎಣ್ಸ್ತಾರೆ? ಕ್ರೇಟ್ ಲೆಕ್ಕ ಅಲ್ವಾ ಅದು. ನಿಮ್ ಇಂಗ್ಲೀಸ್ನೋರು ಯಾಪಾರನೇ ಮಾಡ್ನಿಲ್ವಾ?"

"ಅವ್ವ, ಪಾಠದ ಮಧ್ಯ ಮಾತಾಡ್ಬಾರ್ದು."

"ಆಯ್ತು ಬುಡು ಮಿಸ್ಸಮ್ಮ."

ಎಣಿಸಲಾಗದ್ದನ್ನೂ ಒಂದು ಪಾತ್ರೆಗೆ ತುಂಬಿದರೆ ಎಣಿಸಬಹುದು. ಲೆಕ್ಕ ರಾಗಿಗಲ್ಲ, ಪಾತ್ರೆಗೆ. ಇದು ಬೃಂದಾಳ ಪಾಠದ ತಿರುಳು. ತೋರಿಸಲೆಂದು ಸ್ಟೀಲ್ ಲೋಟವನ್ನು ರಾಗಿಯಲ್ಲಿ ಅದ್ದಿ ತಟ್ಟೆಗೆ ಸುರಿದಳು. "ಒನ್ ಗ್ಲಾಸ್ ಆಫ್ ರಾಗಿ."

ತಾತ ಹುಬ್ಬು ಗಂಟಿಕ್ಕಿದ. ಎಡಗೈ ಮುಂದೆ ಬಂತು. ಬೇಡ ಎನ್ನುತ್ತಿದೆಯೋ, ಕೊಡು ಎನ್ನುತ್ತಿದೆಯೋ ತಿಳಿಯದೆ ಅವಳು ಲೋಟವನ್ನು ಆ ಕೈಗೆ ಕೊಟ್ಟಳು. ಅವನು ಲೋಟವನ್ನು ಮೊರದೊಳಕ್ಕೆ ಆಳವಾಗಿ ನೂಕಿ, ಬಾಯಿ ಮೇಲೆ ಗೋಪುರ ನಿಲ್ಲುವಂತೆ ಎತ್ತಿ, ತಟ್ಟೆಗೆ ಬಗ್ಗಿಸಿದ.

"ಲಾಬ," ಎಂದ.

ಆ ಸಂತೆಯಲ್ಲಿ ಅಳತೆಯನ್ನು ಒಂದು ಎಂದು ಯಾರೂ ಶುರು ಮಾಡುತ್ತಿರಲಿಲ್ಲ. ಮೊದಲನೆಯದಕ್ಕೆ ಲಾಭ ಎನ್ನಬೇಕು, ಆಮೇಲೆ ಎರಡು.

"ಎಲ್ಡು," ಎಂದ ಹುಚ್ಚಯ್ಯ. "ಮೂರು."

ಧ್ವನಿಗೆ ತುಕ್ಕು ಹಿಡಿದಿತ್ತು. ಆದರೆ ಅವನದೇ ಧ್ವನಿ. ಪ್ರತಿ ಅಂಕಿಯ ಬಾಲವನ್ನು ಒಂದಿಷ್ಟು ಎಳೆಯುವ ಅದೇ ಸಂತೆಯ ರಾಗ. ಹೊಸ್ತಿಲ ಮೇಲೆ ಕೂರಬೇಡ ಎಂದು ಮಗಳನ್ನು ದಿನವೂ ಬೈಯುವ ಚಾಮುಂಡಿ ಹೊಸ್ತಿಲ ಮೇಲೆಯೇ ಕುಸಿದು ಕೂತಳು.

ಬೃಂದಾ ತಡೆಯಲಾರದೆ ಅವನ ಕೈ ಹಿಡಿದುಕೊಂಡಳು. "ತಾತ, ನಾನ್ಯಾರು ಹೇಳು. ನನ್ನ ಏನಂತ ಕರೀತಿದ್ದೆ?"

ಹುಚ್ಚಯ್ಯ ಅವಳನ್ನೇ ನೋಡಿದ. ತುಟಿ ಅಲುಗಿತು, ಅಷ್ಟೆ. ಅಷ್ಟರಲ್ಲಿ ಸುದ್ದಿ ಗೋಡೆ ದಾಟಿ ಪಕ್ಕದ ಮನೆಯ ಮಹಾಲಕ್ಷ್ಮಮ್ಮ ಓಡಿ ಬಂದಳು. "ಮಾವ, ನಂಗೊಂದ್ ಎಸ್ರು ಮಡ್ಗಿದ್ಯಲ್ಲ, ಅದ್ನೇ ಯೋಳು ನೋಡನ."

"ಅದ್ನ ಯೋಳ್ದೆ ಇದ್ರೇ ನಿನ್ಗೆ ವಾಸಿ ಕಣಕ್ಕ," ಎಂದಳು ಚಾಮುಂಡಿ, ಅಳುತ್ತಲೇ.

ಮುದುಕನ ಕೈಯಿಂದ ಲೋಟ ಜಾರಿತು. ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಆ ದಿನ ಮತ್ತೆ ಮೊರದ ಕಡೆ ನೋಡಲಿಲ್ಲ. ತಾನು ಕೇಳಬಾರದಿತ್ತು ಎಂದು ಬೃಂದಾಳಿಗೆ ಅನಿಸಿತು. ಯಾಕೆ ಎಂದು ಮಾತ್ರ ಹೊಳೆಯಲಿಲ್ಲ.

ಮರುದಿನ ಶಾಲೆಯಲ್ಲಿ ಟೊಮೇಟೊ ಸಲೀಸಾಗಿ ಮುಗಿಯಿತು. ಪ್ರಿನ್ಸಿಪಾಲರು ಗುರುಪಾದಸ್ವಾಮಿ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದರು. ಬೃಂದಾ ಮನೆಯ ಲೋಟವನ್ನು ಅಕ್ಕಿಯ ಡಬ್ಬಿಯೊಳಗೆ ನೂಕಿದಳು. ಕೈ ತಂತಾನೇ ಗೋಪುರ ನಿಲ್ಲಿಸಿ ಎತ್ತಿತು, ಬಾಯಿ ತಂತಾನೇ "ಲಾಭ" ಎಂದಿತು.

ಕ್ಲಾಸು ನಕ್ಕಿತು. ಅವಳು ಲೋಟ ಹಿಡಿದೇ ನಿಂತಳು. ನಗದೆ ಇದ್ದವಳು ಮುಂದಿನ ಬೆಂಚಿನ ಒಬ್ಬ ಹುಡುಗಿ; ಎದೆಯ ಮೇಲಿನ ಬ್ಯಾಡ್ಜಿನಲ್ಲಿ ರೂಪಶ್ರೀ ಎಂದಿತ್ತು. "ನಿಲ್ಲಿಸ್ಬೇಡಿ ಮಿಸ್, ಎಲ್ಡು ಅನ್ನಿ," ಎಂದಳು ಮೆಲ್ಲಗೆ. "ನಮ್ಮಜ್ಜಿನೂ ಅಂಗೇ ಅಳೆಯೋದು."

"ಟೂ ಗ್ಲಾಸಸ್ ಆಫ್ ರೈಸ್," ಎಂದು ಬೃಂದಾ ದಾರಿಗೆ ಬಂದಳು. ತ್ರೀ, ಫೋರ್, ಫೈವ್. ಲೋಟ ಕೆಳಗಿಟ್ಟಳು. ರೂಪಶ್ರೀ ಇನ್ನೂ ಅವಳ ಕೈಯನ್ನೇ ನೋಡುತ್ತಿದ್ದಳು.

"ಕೊಸರು, ಮಿಸ್?"

"ಏನು?"

"ಮೇಲಕ್ಕೆ ಒಂದ್ ಇಡಿ ಹಾಕ್ಲಿಲ್ವಲ್ಲ. ಕೊಸರು ಹಾಕ್ದೆ ಅಳತೆ ಮುಗಿಯಲ್ಲ ಮಿಸ್."

"ಕೊಸರು ಕೌಂಟಬಲ್ಲಾ ಮಿಸ್?" ಹಿಂದಿನಿಂದ ಯಾರೋ ಕೇಳಿದರು, ಕೀಟಲೆಗೆ.

"ಇಲ್ಲ. ಅದನ್ನ ಯಾರೂ ಎಣಿಸಲ್ಲ," ಎಂದ ಬೃಂದಾ ಹಾಗೇ ನಿಂತುಬಿಟ್ಟಳು. ಸಂತೆಯ ಗದ್ದಲದ ನಡುವೆ ಫ್ರಾಕಿನ ಅಂಚು ಹರಡಿ ನಿಂತ ಚಿಕ್ಕಂದಿನ ತನ್ನನ್ನೇ ಕಂಡಳು. ತಾತ ಪ್ರತಿ ಗಿರಾಕಿಗೂ ಅಳೆದು ಮುಗಿಸಿ, ಚೀಲಕ್ಕೆ ಒಂದು ಹಿಡಿ ಕೊಸರು ಹಾಕಿ, ಆಮೇಲೆ ಇನ್ನೊಂದು ಚಿಟಿಕೆ ಅವಳ ಫ್ರಾಕಿಗೆ. ಅಳತೆ ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಅವಳು ತಾತನನ್ನು ಮೂರಕ್ಕೇ ತಡೆದಿದ್ದಳು.

ಪ್ರಿನ್ಸಿಪಾಲರು ಪಾಠ ಚೆನ್ನಾಗಿತ್ತು ಎಂದರು, ಒನ್ ಎಂದೇ ಶುರು ಮಾಡಬೇಕು ಎಂದರು, ಫೋನ್ ಮಾಡುತ್ತೇವೆ ಎಂದರು. ಅವಳು ಎಲ್ಲದಕ್ಕೂ ತಲೆಯಾಡಿಸಿ ಬಸ್ ಸ್ಟ್ಯಾಂಡಿಗೆ ಹೆಚ್ಚುಕಡಿಮೆ ಓಡಿದಳು.

ಮನೆ ಮುಟ್ಟಿದಾಗ ಜಗುಲಿಯ ಮೇಲೆ ಇನ್ನೂ ಬಿಸಿಲಿತ್ತು. ಚಾಮುಂಡಿ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಳು. "ಏನಾಯ್ತಮ್ಮಿ ಕೆಲ್ಸ?"

"ಆಮೇಲೆ ಹೇಳ್ತೀನವ್ವ. ಈಗ ಏನೇ ಆದ್ರೂ ನೀನು ಮಧ್ಯ ಮಾತಾಡ್ಬೇಡ."

"ನಾ ಯಾವಾಗ ಮಾತಾಡ್ದೆ?"

ಅಟ್ಟದ ಮೇಲೆ ತಾತನ ಅಳತೆಗಳಿದ್ದವು. ಸೇರು ಭಾರವಾದೀತೆಂದು ಪುಟ್ಟ ಪಾವನ್ನು ಇಳಿಸಿ, ಒರೆಸಿ, ಮೊರದ ಪಕ್ಕ ಇಟ್ಟಳು. ಈ ಸಲ ಮೇಡಂ ಹಾಗೆ ಎದುರಿಗೆ ಕೂರಲಿಲ್ಲ. ಸಂತೆಯಲ್ಲಿ ಗಿರಾಕಿಗಳು ನಿಲ್ಲುತ್ತಿದ್ದಂತೆ ಮೊರದ ಅಂಚಿಗೆ ಮಂಡಿಯೂರಿ, ಚೀಲದ ಬಾಯಿ ಅಗಲಿಸಿ ಹಿಡಿದು, ಸುಮ್ಮನೆ ಕಾದಳು. ಹುಚ್ಚಯ್ಯ ಪಾವನ್ನು ಬಹಳ ಹೊತ್ತು ನೋಡಿದ. ಆಮೇಲೆ ಎಡಗೈ ಚಾಚಿದ.

"ಲಾಬ. ಎಲ್ಡು. ಮೂರು."

ಮೂರು ದಾಟಿತು. ರಾಗಿ ಚೀಲಕ್ಕೆ ಬಿದ್ದಾಗಲೆಲ್ಲ ಸಣ್ಣಗೆ ಧೂಳೆದ್ದು ಬಿಸಿಲಲ್ಲಿ ನಿಲ್ಲುತ್ತಿತ್ತು. ಹೆಸರು ಕೇಳಬೇಕೆನಿಸಿದಾಗಲೆಲ್ಲ ಬೃಂದಾ ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಮೊರ ಬರಿದಾಗುತ್ತ ಬಂದಂತೆ ಹುಚ್ಚಯ್ಯ ಪಾವನ್ನು ಬೋರಲು ಹಾಕಿ ಒಂದು ಹಿಡಿ ಬಾಚಿ ಚೀಲಕ್ಕೆ ಹಾಕಿದ. ಅದಕ್ಕೆ ಅಂಕಿ ಹೇಳಲಿಲ್ಲ.

ಅವಳು ಚೀಲ ಕೆಳಗಿಟ್ಟು ದುಪಟ್ಟಾದ ಅಂಚು ಹರಡಿದಳು.

ಕೈ ಮತ್ತೆ ಮೊರಕ್ಕೆ ಹೋಯಿತು. ಮೂಲೆಯಲ್ಲಿ ತಡಕಿತು. ದುಪಟ್ಟಾದ ಮೇಲೆ ಬಂದು ಬಿಚ್ಚಿಕೊಂಡಿತು.

"ಇದು ನನ್ ಗುಬ್ಬಿಗೆ," ಎಂದ ತಾತ.

ಹಾಗೆಂದವನು ತಾನೇ ಬೆಚ್ಚಿ, ಅದನ್ನು ಹೇಳಿದ್ದು ಯಾರು ಎನ್ನುವಂತೆ ಅವಳ ಮುಖ ನೋಡಿದ. ಬಾಯಿಗೆ ಸೆರಗು ಒತ್ತಿಕೊಂಡಿದ್ದ ಚಾಮುಂಡಿ ಮಧ್ಯ ಮಾತಾಡಬೇಡ ಎಂದಿದ್ದನ್ನು ಮರೆತಳು. "ಇನ್ನೊಂದ್ಸಲ ಅಳೆಯಪ್ಪ."

ಬೃಂದಾ ಚೀಲದ ರಾಗಿಯನ್ನೆಲ್ಲ ಮೊರಕ್ಕೆ ಸುರಿದಳು. ದುಪಟ್ಟಾದಲ್ಲಿದ್ದುದನ್ನು ಮಾತ್ರ ಗಂಟು ಕಟ್ಟಿಕೊಂಡಳು.