ಪಿಕ್‌ಪೂಲ್ ಎದುರು ನಿಂಬೆಹಣ್ಣು

ಹಗ್ಗಕ್ಕೆ ಸಿಂಪಿ ಅಂಟಿಸುವಾಗ ಮಾತಾಡುತ್ತ ಕೂತರೆ ಸಿಮೆಂಟು ಒಣಗಿಬಿಡುತ್ತದೆ. ಆದರೂ ನನ್ನ ನಾದಿನಿ ಒದಿಲ್ ಜೊತೆಗಿದ್ದರೆ ಬಾಯಿ ಸುಮ್ಮನಿರುತ್ತದೆಯೇ? ಬೆರಳ ತುದಿಯಲ್ಲಿ ಒಂದಿಷ್ಟು ಸಿಮೆಂಟು, ಅದಕ್ಕೆ ಒಂದು ಮರಿಸಿಂಪಿ, ಅದರ ಬೆನ್ನಿಗೆ ಇನ್ನೊಂದು. ನಾಳೆ ಇವು ಉಪ್ಪುಕೆರೆಯಲ್ಲಿ ತೂಗುತ್ತ ಬೆಳೆಯಬೇಕು.

“ಫುಲ್ಕ್ರಾನ್‌ಗೆ ಉತ್ತರ ಬರೆದ್ಯೇನೇ?”

“ಬರೀತೀನಿ ಅತ್ತಿಗೆ.”

“ದ್ರಾಕ್ಷಿ ಕೊಯ್ಲಿನಿಂದ ಇದೇ ರಾಗ. ಈಗ ಬಳ್ಳಿ ಮತ್ತೆ ಚಿಗುರ್ತಾ ಇದೆ.”

ಫುಲ್ಕ್ರಾನ್, ಮೇಲಿನ ದ್ರಾಕ್ಷಿತೋಟಗಳ ಪಿನೆ ಊರಿನವನು. ಪಿಕ್‌ಪೂಲ್ ಎಂಬ ಬಿಳಿ ವೈನ್ ಮಾಡುತ್ತಾನೆ. ಅವನಿಗೆ ಹೆಂಡತಿ ಇಲ್ಲ, ಇವಳಿಗೆ ಗಂಡ ಇಲ್ಲ. ಮದುವೆಯಾಗೋಣ, ನಾನೇ ಕೆಳಗೆ ನಿಮ್ಮ ಮನೆಗೆ ಬಂದಿರುತ್ತೇನೆ ಎಂದು ಕಾಗದ ಬರೆದಿದ್ದ. ಒದಿಲ್‌ಗೆ ಮನಸ್ಸಿತ್ತು, ಧೈರ್ಯವಿರಲಿಲ್ಲ.

“ಈ ವಯಸ್ಸಲ್ಲಿ ಮದುವೆ ಅಂದ್ರೆ ಬಂದರಿನ ಹೆಂಗಸರು ನಗಲ್ವಾ?”

“ಹಲ್ಲಿರೋರು ನಗ್ತಾರೆ. ಎಷ್ಟು ಜನಕ್ಕಿದೆ?”

ಇವಳನ್ನು ನಂಬಿಕೊಂಡಿದ್ದರೆ ಆಗುವುದಿಲ್ಲವೆಂದು ನಾನೇ ಅವನನ್ನು ಭಾನುವಾರ ಊಟಕ್ಕೆ ಕರೆದೆ.

ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಒಂದು ಕಂಕುಳಲ್ಲಿ ಎರಡು ಬಾಟಲಿ, ಇನ್ನೊಂದರಲ್ಲಿ ಒಣಗಿದ ದ್ರಾಕ್ಷಿಕಡ್ಡಿಯ ಹೊರೆ. ಆ ಕಡ್ಡಿಯ ಬೆಂಕಿಯಲ್ಲೇ ನಾವು ಕಪ್ಪೆಚಿಪ್ಪುಗಳನ್ನು ಊಟಕ್ಕೆ ಸುಡುವುದು. ಒದಿಲ್ ಸಿಂಪಿ ಬಿಡಿಸಿ ತಟ್ಟೆ ತುಂಬಿದಳು. ನಾನು ಆಕ್ಟೋಪಸ್ ತುಂಬಿದ ಕಡುಬು ಬಿಸಿ ಮಾಡಿ ತಂದೆ. ಎಲ್ಲ ಚೆನ್ನಾಗಿಯೇ ಇತ್ತು. ಫುಲ್ಕ್ರಾನ್ ಬಾಟಲಿ ತೆಗೆಯಲು ಕೈ ಚಾಚಿದವನು ಹಾಗೇ ನಿಂತ. ತಟ್ಟೆಯ ಪಕ್ಕದಲ್ಲಿ ಹೆಚ್ಚಿಟ್ಟ ನಿಂಬೆಹಣ್ಣು!

ಪಿಕ್‌ಪೂಲ್ ಅಂದರೆ ತುಟಿ ಕುಟುಕುವುದು ಎನ್ನುತ್ತಾರೆ ನಮ್ಮವರು. ಸಿಂಪಿಗೆ ಬೇಕಾದ ಹುಳಿಯೆಲ್ಲ ಅದರಲ್ಲೇ ಇದೆ. ಅದನ್ನು ಮಾಡಿದವನ ಎದುರಿಗೆ ನಿಂಬೆ ಇಟ್ಟರೆ, ನಿನ್ನ ವೈನಿನಲ್ಲಿ ಜೀವವಿಲ್ಲ, ಎದ್ದು ಹೋಗು ಅಂದ ಹಾಗೆ.

“ಉತ್ತರ ಸಿಕ್ತು ಬಿಡಿ,” ಎಂದು ಟೋಪಿಗೆ ಕೈ ಹಾಕಿದ. “ಒಂದು ಕಾಗದ ಹಾಕಿದ್ರೂ ಆಗ್ತಿತ್ತು. ಹಣ್ಣಾದ್ರೂ ಉಳೀತಿತ್ತು.”

ಒದಿಲ್ ಮುಖ ಅವನ ಮುಖಕ್ಕಿಂತ ಹೆಚ್ಚು ಬಾಡಿತು. ಬಾಗಿಲಿಗೆ ಅಡ್ಡ ನಿಂತಳು.

“ಅಯ್ಯೋ ಪುಣ್ಯಾತ್ಮ, ಅದು ಕೈಗೆ! ಸಿಂಪಿ ವಾಸನೆ ಹೋಗೋಕೆ! ಅತ್ತಿಗೆ, ನೀವಾದ್ರೂ ಹೇಳಿ!”

“ನಾನೇ ಇಟ್ಟಿದ್ದು,” ಎಂದೆ. “ನಿಮ್ಮ ಮುಂದೆ ಇವಳ ಕೈ ಘಮ್ಮಂತ ಇರ್ಲಿ ಅಂತ.”

ಅವನಿಗೆ ನಂಬಿಕೆ ಬರಲಿಲ್ಲ. ಒದಿಲ್ ಹೋಳೊಂದನ್ನು ಹಿಂಡಿ ಅಂಗೈಗೆಲ್ಲ ತಿಕ್ಕಿ, ಅವನ ಮೂಗಿನ ಮುಂದೆ ಹಿಡಿದಳು. ಮೂಸಿದ. ಇನ್ನೊಮ್ಮೆ ಮೂಸಿದ. ಮೂರನೇ ಸಲ ಮೂಸುವ ಅಗತ್ಯವೇನೂ ಇರಲಿಲ್ಲ.

“ಆಯ್ತಪ್ಪಾ, ವೈನ್ ಬೆಚ್ಚಗಾಗ್ತಿದೆ,” ಎಂದೆ.

ಆಮೇಲೆ ಉಂಡೆವು ನೋಡಿ! ಸಿಂಪಿಯ ಉಪ್ಪುನೀರಿನ ಹಿಂದೆಯೇ ತಣ್ಣನೆಯ ಪಿಕ್‌ಪೂಲ್ ಒಂದು ಗುಟುಕು. ನಾಲಿಗೆ ಚುರುಕ್ಕೆಂದು ಮತ್ತೊಂದು ಸಿಂಪಿ ಕೇಳುತ್ತಿತ್ತು. ಹೊಗೆ ಹಿಡಿದ ಚಿಪ್ಪುಗಳನ್ನು ಬೆರಳು ಸುಟ್ಟುಕೊಂಡೇ ತಿಂದೆವು. ಬಾಟಲಿ ಎರಡೂ ಖಾಲಿಯಾದವು.

“ಹಾಗಾದ್ರೆ ಉತ್ತರ?” ಎಂದ ಫುಲ್ಕ್ರಾನ್.

“ನೀವು ಬರೆದು ಕೇಳಿದ್ರಿ. ನಾನೂ ಬರೆದೇ ಹೇಳ್ತೀನಿ.”

ಒಳಗೆ ಹೋಗಿ ಬರೆದು, ಲಕೋಟೆ ಅಂಟಿಸಿ, ಅಂಚೆಚೀಟಿ ಹಚ್ಚಿ ತಂದಳು. ಅವನು ಕೈ ಚಾಚಿದರೆ ಕೊಡಲಿಲ್ಲ.

“ಅಲ್ಲಾ, ಎದುರಿಗೇ ಇದೀನಲ್ಲ! ಮಂಗಳವಾರದವರೆಗೂ ಕಾಯ್ಬೇಕಾ?”

“ಚಳಿಗಾಲ ಪೂರ್ತಿ ಕಾದಿದೀರಿ. ನಡೀರಿ.”

ಅಂಚೆಪೆಟ್ಟಿಗೆ ಇರುವುದು ಬಂದರಿನ ಆ ತುದಿಗೆ. ಭಾನುವಾರದ ಬಿಸಿಲಿಗೆ ಊರ ಹೆಂಗಸರೆಲ್ಲ ಗೋಡೆಗೆ ಕುರ್ಚಿ ಹಾಕಿಕೊಂಡು ಸಾಲಾಗಿ ಕೂತಿದ್ದರು. ಒದಿಲ್ ಒಂದು ಗಳಿಗೆ ನಿಂತಳು. ಆಮೇಲೆ ಫುಲ್ಕ್ರಾನ್‌ನ ತೋಳಿಗೆ ತನ್ನ ತೋಳು ಸಿಕ್ಕಿಸಿ, ಅವರೆಲ್ಲರ ಮುಂದೆಯೇ ನಡೆದಳು.

“ಎಲ್ಲಿಗ್ರೇ ಜೋಡಿ?” ಯಾರೋ ಕೂಗಿ ಕೇಳಿದರು.

“ಕಾಗದ ಹಾಕೋಕೆ!” ಎಂದು ಅಷ್ಟೇ ಜೋರಾಗಿ ಕೂಗಿ, ಹಳದಿ ಪೆಟ್ಟಿಗೆಯ ಬಾಯಿಗೆ ಅದನ್ನು ಹಾಕಿಯೇಬಿಟ್ಟಳು.